ತನ್ನದನ್ನು ತಾನೇ ಕೇಳುವಂತಿಲ್ಲ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅದು ಈಗಾಗಲೇ ಸಾಕಷ್ಟು ಕಡೆ ಬರೆದಿದೆ. ಸ್ಟೀಲ್ ಲೋಟದ ಅಂಚಿನ ಕೆಳಗೆ ಪಾತ್ರೆ ಅಂಗಡಿಯವರ ಮೆಷಿನ್ನಿನಲ್ಲಿ ಕೆತ್ತಿಸಿದ್ದು ಒಂದು. ಕುರ್ಚಿಯ ಬೆನ್ನಿಗೆ, ಮರದ ಸ್ಕೇಲಿಗೆ, ಡಸ್ಟರಿನ ನೆತ್ತಿಗೆ, ಕೊನೆಗೆ ಫ್ಯಾನಿನ ಸ್ವಿಚ್ಚಿನ ಪಕ್ಕದ ಗೋಡೆಗೂ ಕಡುಗೆಂಪು ನೇಲ್ ಪಾಲಿಶ್‌ನಲ್ಲಿ ಬರೆದದ್ದು ಉಳಿದವು. ಎಲ್ಲ ಕಡೆಯೂ ಇಂಗ್ಲಿಷಿನಲ್ಲಿ, ಎಲ್ಲ ಕಡೆಯೂ ಒಂದೇ ಕ್ರಮ: ಮೊದಲು ಹೆಸರು, ಅದರ ಕೊನೆಯ ಅಕ್ಷರದ ತಲೆಯ ಪಕ್ಕ ಒಂದು ಪುಟ್ಟ ಕೊಕ್ಕೆ, ಆಮೇಲೆ ಎಸ್. ಆ ನೇಲ್ ಪಾಲಿಶನ್ನು ಅವರು ತಮ್ಮ ಉಗುರಿಗೆ ಹಚ್ಚಿದ್ದನ್ನು ಮಾತ್ರ ನಾನು ಎಂದೂ ಕಂಡಿಲ್ಲ.

ಹೋದ ತಿಂಗಳು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂತು, ಇಂಗ್ಲಿಷ್ ಮೇಡಂ ಹೋಗಿಬಿಟ್ಟರು ಅಂತ. ಸಾಲಾಗಿ ಕೈ ಮುಗಿದ ಚಿತ್ರಗಳು ಬಿದ್ದವು. ದೈಹಿಕ ಶಿಕ್ಷಣದವರು ಅಭ್ಯಾಸಬಲದಿಂದ ಹೆಬ್ಬೆರಳು ಎತ್ತಿ, ಆಮೇಲೆ ಅಳಿಸಿದರು. ಹೆಡ್‌ಮಾಸ್ಟರು ನನಗೆ ಫೋನ್ ಮಾಡಿ, ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ಮಾತಾಡಿ, ನಿಮಗೇ ಅವರು ಹತ್ತಿರ ಅಂದರು. ರಾತ್ರಿಯೆಲ್ಲ ಯೋಚಿಸಿ, ಬೆಳಿಗ್ಗೆ ಬಿಸಿಲಲ್ಲಿ ನಿಂತ ಮಕ್ಕಳ ಮುಂದೆ, ಅವರು ಶಿಸ್ತಿನ ಸಿಪಾಯಿ, ತುಂಬಲಾರದ ನಷ್ಟ ಎಂದೆಲ್ಲ ಹೇಳಿ ಇಳಿದೆ. ಅಷ್ಟು ಹೇಳುವುದಕ್ಕೆ ಅವರನ್ನು ನೋಡಿರಬೇಕಾಗಿಯೇ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ವಿಜಯನಗರದ ಒಳಕ್ರಾಸೊಂದರಲ್ಲಿರುವ ಕನ್ನಡ ಮಾಧ್ಯಮದ ಅನುದಾನಿತ ಹೈಸ್ಕೂಲು. ಈ ಮೂರೂ ಮಾತನ್ನು ಒಟ್ಟಿಗೆ ಹೇಳಿದರೆ ಕೇಳಿದವರು ಪಾಪ ಅನ್ನುತ್ತಾರೆ. ಸುತ್ತಲಿನ ಮನೆಗಳ ಮಕ್ಕಳು ಹಳದಿ ವ್ಯಾನುಗಳಲ್ಲಿ ಬೇರೆ ಬೇರೆ ಕಡೆ ಹೋಗುತ್ತವೆ. ನಮಗೆ ಬರುವ ಮಕ್ಕಳು ಹೆಗ್ಗನಹಳ್ಳಿ, ಸುಂಕದಕಟ್ಟೆಯ ಕಡೆಯಿಂದ ಬಸ್ಸು ಹತ್ತಿ ಬರುತ್ತವೆ. ನಾನು ಕೆಂಗೇರಿಯಿಂದ ಮೆಟ್ರೋದಲ್ಲಿ ಬಂದು ಸಮಾಜ ವಿಜ್ಞಾನ ಹೇಳುತ್ತೇನೆ. ಮೇಡಂ ಅತ್ತಿಗುಪ್ಪೆಯಲ್ಲಿ ಅಣ್ಣನ ಮಗಳ ಸಂಸಾರದ ಜೊತೆ ಇದ್ದರು. ಒಂದು ಸ್ಟೇಷನ್ನಿಗೆ ರೈಲು ಹತ್ತುವುದು ಸೋಮಾರಿಗಳ ಲಕ್ಷಣ ಎಂದು ನಡೆದೇ ಬರುತ್ತಿದ್ದರು. ಬಂದವರೇ ಫ್ಯಾನಿನ ನೇರ ಕೆಳಗಿನ ತಮ್ಮ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕತ್ತು ಒರೆಸಿಕೊಳ್ಳುವರು. ಗೊತ್ತಿಲ್ಲದೆ ಯಾರಾದರೂ ಅಲ್ಲಿ ಕೂತಿದ್ದರೆ ಏಳಿ ಅನ್ನುತ್ತಿರಲಿಲ್ಲ. ಪಕ್ಕದಲ್ಲಿ ನಿಂತು, ಕುರ್ಚಿಯ ಬೆನ್ನಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ಒಮ್ಮೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳೇ ಹಾಗೆ ಎದ್ದು ನಿಲ್ಲಬೇಕಾಯಿತು. ಅದರ ಫಲ ಆಮೇಲೆ ಬಂತು.

ಮೇಡಂ ದಾವಣಗೆರೆ ಕಡೆಯವರು. ಬೆಂಗಳೂರಿಗೆ ಬಂದು ಅರ್ಧ ಆಯುಷ್ಯ ಕಳೆದಿದ್ದರೂ ಸಿಟ್ಟು ಬಂದಾಗ, ಇಲ್ಲವೇ ಪ್ರೀತಿ ಉಕ್ಕಿದಾಗ, ಮಾತಿನ ಕೊನೆಗೊಂದು ‘ರೀ’ ಬಂದು ಸೇರುತ್ತಿತ್ತು. ಎರಡರಲ್ಲಿ ಯಾವುದು ಎಂದು ತಿಳಿಯುವುದಕ್ಕೆ ನನಗೆ ವರ್ಷಗಳು ಬೇಕಾದವು.

ಇಷ್ಟು ನನ್ನದು ನನ್ನದು ಅನ್ನುವ ಹೆಂಗಸು ‘ಇದು ಯಾರದು’ ಎಂಬ ಪಾಠವನ್ನು ಹೇಳುತ್ತಿದ್ದ ಬಗೆ ಬೇರೆ ಇತ್ತು. ಪ್ರತಿ ಜೂನ್‌ನಲ್ಲಿ, ಎಂಟನೇ ಕ್ಲಾಸಿಗೆ ಹೊಸ ಮಕ್ಕಳು ಬಂದ ಕೂಡಲೇ, ಬೆಂಚುಗಳನ್ನು ಗೋಡೆಗೆ ಸರಿಸಿ ನೆಲಕ್ಕೆ ಒಂದು ಹಳೆಯ ಬೆಡ್‌ಶೀಟು ಹಾಸುತ್ತಿದ್ದರು. ಒಬ್ಬೊಬ್ಬರೂ ತಮ್ಮದೊಂದು ವಸ್ತುವನ್ನು ಅದರ ಮೇಲೆ ಇಡಬೇಕು. ಜಾಮಿಟ್ರಿ ಬಾಕ್ಸು, ಟಿಫಿನ್ ಡಬ್ಬಿ, ಕರ್ಚೀಫು, ಏನಾದರೂ ಸರಿ. ಹೆಸರು ಬರೆದದ್ದನ್ನು ಇಡಬಾರದು. ಹೆಸರಿದ್ದರೆ ಪೋಸ್ಟ್‌ಮ್ಯಾನೂ ಹೇಳ್ತಾನೆ, ಅದರಲ್ಲೇನಿದೆ ಅನ್ನುತ್ತಿದ್ದರು. ಇಟ್ಟ ಮೇಲೆ ಮುಖ್ಯವಾದ ಕಾನೂನು: ತನ್ನದನ್ನು ತಾನೇ ಕೇಳುವಂತಿಲ್ಲ. ಬೇರೆ ಯಾರಾದರೂ ಅದನ್ನೆತ್ತಿ, ಇದು ಇಂಥವರದು ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ವಾಪಸ್ಸು. ಯಾರೂ ಹೇಳದಿದ್ದರೆ ವಸ್ತು ಬೆಡ್‌ಶೀಟಿನಲ್ಲೇ ಗಂಟು ಕಟ್ಟಿಸಿಕೊಂಡು ಬೀರುವಿನೊಳಗೆ ಮಲಗುತ್ತದೆ, ಮಾರನೆಯ ದಿನ ಮತ್ತೆ ಹಾಸುವವರೆಗೆ.

ಮೊದಲ ದಿನ ಮಕ್ಕಳು ಪಕ್ಕದವರದನ್ನಷ್ಟೇ ಹೇಳುತ್ತಿದ್ದವು. ಯಾರ ಜೊತೆಗೂ ಸೇರದ ಮಗುವಿನ ಡಬ್ಬಿ ಉಳಿದುಬಿಡುತ್ತಿತ್ತು. ಮಾರನೆಯ ದಿನದಿಂದ ಕ್ಲಾಸಿನ ಕಣ್ಣು ಬದಲಾಗುತ್ತಿತ್ತು. ಯಾರ ಚೀಲದ ಜಿಪ್ಪು ಕಿತ್ತಿದೆ, ಯಾರ ಬಾಟಲಿಗೆ ಮುಚ್ಚಳ ಬೇರೆ ಬಣ್ಣದ್ದು ಎಂದು ಒಬ್ಬರನ್ನೊಬ್ಬರು ನೋಡತೊಡಗುತ್ತಿದ್ದವು. ವಾರ ಕಳೆಯುವಷ್ಟರಲ್ಲಿ ಬೆಡ್‌ಶೀಟು ಖಾಲಿಯಾಗುತ್ತಿತ್ತು.

ವ್ಯಾಕರಣಕ್ಕೆ ಅವರದೇ ಮಾತುಗಳಿದ್ದವು. ಹೆಸರಿನ ಪಕ್ಕದ ಆ ಅಪಾಸ್ಟ್ರಫಿ ಚಿಹ್ನೆಗೆ ಕೊಕ್ಕೆ ಎಂದೇ ಹೆಸರು. ಒಬ್ಬರದಾದರೆ ಮೊದಲು ಕೊಕ್ಕೆ, ಆಮೇಲೆ ಎಸ್. ಗುಂಪಿನದಾದರೆ ಎಸ್ ಆಗಲೇ ಬಂದು ಕೂತಿರುತ್ತದೆ, ಕೊಕ್ಕೆಯನ್ನು ಅದರ ಬೆನ್ನಿಗೆ ನೇತುಹಾಕಿ ಸುಮ್ಮನಾಗಬೇಕು. ಚಿಲ್ಡ್ರನ್ ಅನ್ನೋದಕ್ಕೆ ಎಸ್ ಇಲ್ಲ, ಹಾಗಾಗಿ ಮನೆ ತುಂಬ ಮಕ್ಕಳಿದ್ದರೂ ಒಂದೇ ಮಗುವಿನ ಥರ ಕೊಕ್ಕೆ ಹಾಕಿ ಎಸ್ ಬರೀರಿ ಅನ್ನುವರು. ಅಣ್ಣತಮ್ಮಂದಿರ ಮನೆ ಒಟ್ಟಿಗಿದ್ದರೆ ಕೊನೆಯವನ ಹೆಸರಿಗೆ ಮಾತ್ರ ಒಂದು ಕೊಕ್ಕೆ. ಭಾಗವಾಗಿದ್ದರೆ ಇಬ್ಬರಿಗೂ ಬೇರೆ ಬೇರೆ. ಈ ಕೊನೆಯದು ನಮ್ಮ ಮಕ್ಕಳಿಗೆ ಎರಡನೇ ಸಲ ಹೇಳಬೇಕಾಗುತ್ತಿರಲಿಲ್ಲ. ಭಾಗವೆಂದರೆ ಏನೆಂದು ಎಲ್ಲರೂ ಮನೆಯಲ್ಲೇ ಕಲಿತು ಬಂದಿದ್ದರು. ವಾಕ್ಯ ಹೇಳಿದ ಮಗುವಿಗೆ ಮೇಡಂ ಕೇಳುತ್ತಿದ್ದದ್ದು ಒಂದೇ: ಕೊಕ್ಕೆ ಎಲ್ಲಿ? ಮಗು ತೋರುಬೆರಳನ್ನು ಬಗ್ಗಿಸಿ ಗಾಳಿಯಲ್ಲಿ ಸರಿಯಾದ ಜಾಗಕ್ಕೆ ಸಿಕ್ಕಿಸಿ ತೋರಿಸಬೇಕು.

ಅವರು ನಿವೃತ್ತರಾದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟು, ಆಟೋ ಹತ್ತಿಸಿ ಕಳಿಸಿದೆವು. ಖಾಲಿಯಾದ ಹುದ್ದೆಯನ್ನು ಸರ್ಕಾರ ತುಂಬಲಿಲ್ಲ. ಈಗ ಯಾರದನ್ನೂ ತುಂಬುವುದಿಲ್ಲ. ಇಂಗ್ಲಿಷ್ ಕ್ಲಾಸುಗಳನ್ನು ನನ್ನ ತಲೆಗೆ ಕಟ್ಟಿದರು. ಯಾಕೆಂದರೆ ಹಿಂದೊಮ್ಮೆ ನಾನು ರಜೆ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದಿದ್ದೆನಂತೆ. ಅದನ್ನು ಅಳಿಯನ ಕೈಲಿ ಬರೆಸಿದ್ದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಬೇಸಿಗೆ ರಜೆಯೆಲ್ಲ ನಿದ್ದೆ ಕೆಟ್ಟಿತು. ಶಾಲೆ ತೆರೆದ ದಿನ ಸ್ಟಾಫ್ ರೂಮಿಗೆ ಕಾಲಿಟ್ಟರೆ ಮೇಡಂ ತಮ್ಮ ಕುರ್ಚಿಯಲ್ಲಿ ಕೂತು ಕತ್ತು ಒರೆಸಿಕೊಳ್ಳುತ್ತಿದ್ದರು. ಏನು ಮೇಷ್ಟ್ರೇ, ದೆವ್ವ ಕಂಡ ಹಾಗೆ ನೋಡ್ತೀರಿ, ಬೆಳಿಗ್ಗೆ ಎದ್ದ ಮೇಲೆ ಕಾಲು ಇತ್ತ ಕಡೆಗೇ ಬಂತು ಅಂದರು. ನನಗಾದ ಸಮಾಧಾನ ಹೇಳತೀರದು. ಕಾಯಿಲೆಯವನಿಗೆ ಡಾಕ್ಟರೇ ಮನೆಗೆ ಬಂದಹಾಗೆ.

ಅವರು ದಿನವೂ ಬರತೊಡಗಿದರು. ಸಂಬಳವಿಲ್ಲ, ಹಾಜರಿಯಿಲ್ಲ. ಅವರು ಪಾಠ ಹೇಳುವರು, ನಾನು ಹಿಂದಿನ ಬೆಂಚಿನಲ್ಲಿ ಕೂತು ಕಲಿಯುವೆ. ಅವರಿಗೆ ಬೇಕಾಗಿದ್ದದ್ದು ದುಡ್ಡಲ್ಲ, ಹೊಗಳಿಕೆಯೂ ಅಲ್ಲ. ಬೆಳಿಗ್ಗೆ ಹೊರಟರೆ ಹೋಗಿ ಸೇರಲಿಕ್ಕೆ ಒಂದು ಜಾಗ. ಮನೆಯಲ್ಲಿ ಅವರನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೆ ಅಲ್ಲಿ ನಾನು ಎಲ್ಲಿ ಕೂತರೂ ಯಾರದೋ ಟಿವಿಗೆ ಅಡ್ಡ ಮೇಷ್ಟ್ರೇ ಎಂದು ಒಮ್ಮೆ ನಗುತ್ತಾ ಅಂದಿದ್ದರು.

ಕುರ್ಚಿಯಿಂದ ಎದ್ದಿದ್ದನ್ನು ಕಾರ್ಯದರ್ಶಿಗಳು ಮರೆತಿರಲಿಲ್ಲ. ನಿವೃತ್ತರಾದವರು ಇನ್ನೂ ಅದೇ ಕುರ್ಚಿಯಲ್ಲಿದ್ದಾರೆ ಎಂಬ ಸುದ್ದಿ ಅವರಿಗೆ ಮುಟ್ಟಿತು. ಹೆಡ್‌ಮಾಸ್ಟರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು. ಇನ್‌ಸ್ಪೆಕ್ಷನ್ ಬಂದರೆ ಉತ್ತರ ಕೊಡಬೇಕಾದವರು ಹೆಡ್‌ಮಾಸ್ಟರಾದ ತಾವು, ಹೊರಗಿನವರು ಕ್ಲಾಸಿನಲ್ಲಿರುವುದು ತಪ್ಪಾಗುತ್ತದೆ, ಮೇಡಂ ಇನ್ನು ಬರಬಾರದು ಎಂದು ಸುತ್ತಿ ಬಳಸಿ ಹೇಳಿದರು. ಕೆಟ್ಟವರಲ್ಲ, ಅವರೂ ದಣಿದ ಮನುಷ್ಯ.

“ನೀವೇ ಒಂದು ಮಾತು ಹೇಳಿಬಿಡಿ ಮೇಷ್ಟ್ರೇ. ನಿಮ್ಮ ಬಾಯಿಂದ ಬಂದ್ರೆ ಅವರಿಗೆ ಬೇಜಾರಾಗಲ್ಲ,” ಅಂದರು.

ನನ್ನ ಬಾಯಿಂದ ಬಂದ ಯಾವ ಮಾತಿನಿಂದಲೂ ಯಾರಿಗೂ ಏನೂ ಆಗಿಲ್ಲವೆಂಬುದು ಶಾಲೆಗೆಲ್ಲ ಗೊತ್ತಿತ್ತು. ಆದರೂ ಹೂಂ ಅಂದೆ. ನಾನು ಹೂಂ ಅನ್ನುವ ಜಾತಿ.

ಆಮೇಲೆ ಮೆಟ್ರೋದಲ್ಲಿ ದಿನವೂ ಆ ಮಾತಿನ ತಾಲೀಮು. ಕೆಂಗೇರಿಯಲ್ಲಿ ಹತ್ತುವಾಗ ‘ಮೇಡಂ, ನೀವು ಆರೋಗ್ಯ ನೋಡಿಕೊಳ್ಳಬೇಕು’ ಎಂದು ಶುರುವಾಗಿ, ಜ್ಞಾನಭಾರತಿ ಬರುವಷ್ಟರಲ್ಲಿ ವಾಕ್ಯಗಳು ಒಂದು ಹದಕ್ಕೆ ಬರುತ್ತಿದ್ದವು. ಅತ್ತಿಗುಪ್ಪೆಯಲ್ಲಿ ಬಾಗಿಲು ತೆರೆದಾಗ, ಕೆಳಗೆ ರಸ್ತೆಯಲ್ಲಿ ಅವರು ಇದೇ ಹೊತ್ತಿಗೆ ನಡೆದು ಹೋಗುತ್ತಿರುತ್ತಾರೆ ಎಂದು ನೆನಪಾಗಿ ಎಲ್ಲ ಕಲಸಿಹೋಗುತ್ತಿತ್ತು. ವಿಜಯನಗರದಲ್ಲಿ ಇಳಿಯುವಾಗ ಮತ್ತೆ ಮೊದಲ ವಾಕ್ಯದಿಂದ ಶುರು. ಅವರು ಹೋದರೆ ನಾಳೆಯಿಂದ ಕ್ಲಾಸಿಗೆ ನಾನೊಬ್ಬನೇ ಎಂಬ ಭಯ ಬೇರೆ. ನನ್ನ ಸ್ವಾರ್ಥ ಯಾವುದು, ಮರ್ಯಾದೆ ಯಾವುದು ಎಂದು ಬಿಡಿಸಲಾಗದೆ ನಾಳೆ ಹೇಳೋಣ, ನಾಳೆ ಹೇಳೋಣ ಎಂದು ತಳ್ಳಿದೆ.

ಅಷ್ಟರಲ್ಲಿ ಬೆಡ್‌ಶೀಟಿನ ದಿನ ಬಂತು. ಎಂಟನೇ ಕ್ಲಾಸಿನ ಮಕ್ಕಳು ಶಾಲೆಗೆ ಹೊಸಬರು, ಅಕ್ಕಪಕ್ಕದವರನ್ನು ಬಿಟ್ಟರೆ ಬೇರೆ ಮುಖಗಳು ಸರಿಯಾಗಿ ಗೊತ್ತಿರಲಿಲ್ಲ. ಎಲ್ಲರೂ ತಂದು ಇಟ್ಟ ಮೇಲೆ ಮೇಡಂ ನನ್ನ ಕಡೆ ತಿರುಗಿ ನೀವೂ ಇಡಿ ಅಂದರು. ನನ್ನ ಊಟದ ಡಬ್ಬಿ ಇಟ್ಟೆ. ಎಂದೂ ಇಲ್ಲದ್ದು, ಆ ದಿನ ಮಕ್ಕಳ ಗಲಾಟೆಯ ನಡುವೆ, ಅವುಗಳಿಗೆ ಕಾಣದ ಹಾಗೆ, ಅವರೂ ಒಂದು ವಸ್ತು ಇಟ್ಟರು. ದಿನವೂ ಹೆಗಲಿಗೆ ಹಾಕಿಕೊಂಡು ಬಂದು ಸ್ಟಾಫ್ ರೂಮಿನಲ್ಲೇ ಇಡುತ್ತಿದ್ದ, ಬಣ್ಣ ಮಾಸಿದ ಹಸಿರು ಬಟ್ಟೆಯ ಚೀಲ. ಅವರ ಸಾಮಾನಿನಲ್ಲಿ ಹೆಸರಿಲ್ಲದ್ದು ಅದೊಂದೇ. ಬಟ್ಟೆಯ ಮೇಲೆ ನೇಲ್ ಪಾಲಿಶಿನ ಅಕ್ಷರ ನಿಲ್ಲುವುದಿಲ್ಲ.

ಒಂದೊಂದಾಗಿ ವಸ್ತುಗಳು ಎದ್ದವು. ಬೆರಳುಗಳು ಗಾಳಿಯಲ್ಲಿ ಕೊಕ್ಕೆ ಸಿಕ್ಕಿಸಿದವು. ಅವಳಿ ಹುಡುಗಿಯರಿಬ್ಬರಿಗೂ ಸೇರಿದ ಒಂದು ನೀರಿನ ಬಾಟಲಿಗೆ ಕೊಕ್ಕೆ ಎಲ್ಲಿ ಎಂದು ಸ್ವಲ್ಪ ಜಗಳವಾಗಿ, ಎಸ್‌ನ ಬೆನ್ನಿಗೆ ಎಂದು ತೀರ್ಮಾನವಾಯಿತು. ನನ್ನ ಡಬ್ಬಿಯನ್ನು ಒಬ್ಬ ಹುಡುಗಿ ಎತ್ತಿ, ಮೂಸಿ, ಇದು ಸಾರ್ ಅವರದು, ಸೊಪ್ಪಿನ ವಾಸನೆ ಬರ್ತಿದೆ ಎಂದು ಕನ್ನಡದಲ್ಲೇ ಸಾಕ್ಷಿ ಹೇಳಿ, ಆಮೇಲೆ ಇಂಗ್ಲಿಷಿಗೆ ತಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಡಬ್ಬಿಯನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡೆ. ನಮ್ಮದನ್ನು ಬೇರೆಯವರು ಗುರುತಿಸಿ ಹೇಳಿದರೆ ಏನಾಗುತ್ತದೆ ಎಂಬುದು ನನಗೆ ಆಗಲೇ ತಿಳಿದದ್ದು.

ಆ ಸಲ ಮಕ್ಕಳದ್ದೆಲ್ಲ ಮೊದಲ ದಿನವೇ ಎದ್ದು, ಕೊನೆಗೆ ಹಸಿರು ಚೀಲವೊಂದೇ ಉಳಿಯಿತು. ಮಕ್ಕಳು ಅದನ್ನು ತಿರುಗಿಸಿ ನೋಡಿದವು, ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. ಕಾನೂನು ಅವರೇ ಮಾಡಿದ್ದು, ಬಾಯಿ ಬಿಡುವಂತಿರಲಿಲ್ಲ. ಬಗ್ಗಿ ಬೆಡ್‌ಶೀಟಿನ ಮೂಲೆಗಳನ್ನು ಒಟ್ಟು ಮಾಡತೊಡಗಿದರು. ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು ಬಗ್ಗಿದರು. ಅಷ್ಟು ವಯಸ್ಸಾಗಿದೆಯೆಂದು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ನಾನು ಎದ್ದು ನಿಂತೆ. ಬೆಂಚಿಗೆ ಮೊಣಕಾಲು ತಾಗಿ ಸದ್ದಾಗಿ ಎಲ್ಲರೂ ತಿರುಗಿದರು.

“ದಟ್ ಈಸ್ ಅವರ್ ಮೇಡಮ್ಸ್ ಬ್ಯಾಗ್,” ಅಂದೆ.

ಮೇಡಂ ನೆಟ್ಟಗಾದರು. ನನ್ನನ್ನೂ ಬಿಡಲಿಲ್ಲ.

“ಕೊಕ್ಕೆ ಎಲ್ಲಿ?”

ನಾನು ಬೆರಳು ಬಗ್ಗಿಸಿ, ಎಸ್‌ಗಿಂತ ಮುಂಚೆ, ಗಾಳಿಯಲ್ಲಿ ಸಿಕ್ಕಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದವು. ಹುಡುಗಿಯೊಬ್ಬಳು ಚೀಲವನ್ನು ಎರಡು ಕೈಯಲ್ಲಿ ಎತ್ತಿ ಅವರಿಗೆ ಕೊಟ್ಟಳು.

ಗಂಟೆ ಹೊಡೆದು ಮಕ್ಕಳು ಹೋದ ಮೇಲೆ ಬೆಡ್‌ಶೀಟಿನ ಎರಡು ಮೂಲೆ ಅವರು ಹಿಡಿದು, ಎರಡು ನಾನು ಹಿಡಿದು ಮಡಚತೊಡಗಿದೆವು.

“ನೀವು ಹೇಳೋಕೆ ಅಂತ ಇಟ್ಕೊಂಡಿದ್ದು ಇದಲ್ಲ, ಅಲ್ವಾ ಮೇಷ್ಟ್ರೇ?” ಅಂದರು.

ಏನು ಮೇಡಂ ಎಂದು ನಾನು ಗೊತ್ತಿಲ್ಲದವನಂತೆ ಮಾಡಿದೆ.

“ಹೆಡ್‌ಮಾಸ್ಟ್ರು ಏನೋ ಹೇಳಿ ಕಳಿಸಿದಾರೆ. ಎಷ್ಟು ದಿನದಿಂದ ಬಾಯಲ್ಲಿಟ್ಕೊಂಡು ತಿರುಗ್ತಾ ಇದೀರ. ಉಗುಳೋಕೂ ಆಗ್ತಿಲ್ಲ, ನುಂಗೋಕೂ ಆಗ್ತಿಲ್ಲ. ನೋಡಿ ನೋಡಿ ನನಗೇ ಹೊಟ್ಟೆ ತೊಳೆಸ್ತಿದೆ.”

“ನಾನು ಹೇಳಲ್ಲ ಮೇಡಂ.”

“ಬ್ಯಾಡ ಬಿಡ್ರೀ. ಹೇಳ್ಬೇಕಾದ್ದು ಆಗಲೇ ಹೇಳಿದ್ರಲ್ಲ.” ಮಡಿಸಿದ ಬೆಡ್‌ಶೀಟನ್ನು ನನ್ನ ಕೈಗೆ ಇಟ್ಟರು. “ನಾಳೆಯಿಂದ ನೀವೇ ಹಾಸ್ರಿ. ಒಗೆಯೋವಾಗ ಕೈಯಲ್ಲಿ ಒಗೀರಿ, ಮೆಷಿನ್‌ಗೆ ಹಾಕಿದ್ರೆ ಹರಿದೋಗುತ್ತೆ.”

ಆ ‘ರೀ’ ಸಿಟ್ಟಿನದಲ್ಲವೆಂದು ಮಾತ್ರ ಗೊತ್ತಾಯಿತು. ಹೊರಗೆ ಸಣ್ಣಗೆ ಹನಿಯುತ್ತಿತ್ತು. ನನ್ನ ಕರಿ ಕೊಡೆ ಕೊಟ್ಟೆ. ಒಂದು ಕಡ್ಡಿ ಮುರಿದಿದೆ ಮೇಡಂ, ಗಾಳಿಗೆ ಹಿಡಿಯಬೇಡಿ ಎಂದೆ. ಲೋಟ, ಸ್ಕೇಲು, ಕುರ್ಚಿ ಯಾವುದನ್ನೂ ತಿರುಗಿ ನೋಡದೆ, ಹಸಿರು ಚೀಲ ಹೆಗಲಿಗೇರಿಸಿ, ಅತ್ತಿಗುಪ್ಪೆಯ ದಾರಿ ಹಿಡಿದರು. ಮಾರನೆಯ ದಿನದಿಂದ ಬರಲಿಲ್ಲ. ಹೆಡ್‌ಮಾಸ್ಟರು ನನ್ನ ಬೆನ್ನು ತಟ್ಟಿ, ಏನು ಜಾಣತನದಿಂದ ಹೇಳಿದಿರೋ ಮಾರಾಯರೇ ಅಂದರು. ಶಾಲೆಯಲ್ಲಿ ನನಗೆ ಸಂದ ಒಂದೇ ಪ್ರಶಸ್ತಿ ಅದು, ಮಾಡದ ಕೆಲಸಕ್ಕೆ.

ಆಮೇಲೆ ಎರಡು ವರ್ಷ ಅವರೊಂದಿಗೆ ಫೋನಿನಲ್ಲೇ ಒಡನಾಟ. ಸಂಶಯ ಬಂದಾಗ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಒಮ್ಮೆ ಮೋಹನದಾಸ್ ಎಂಬ ಹುಡುಗ ಬಂದ. ಹೆಸರಿನ ಕೊನೆಗೇ ಎಸ್ ಇದೆ, ಇವನಿಗೆ ಕೊಕ್ಕೆ ಮಾತ್ರ ಹಾಕುವುದೋ, ಇನ್ನೊಂದು ಎಸ್ಸೂ ಹಾಕುವುದೋ ಎಂದು ನನಗೆ ನಿದ್ದೆ ಬರಲಿಲ್ಲ. ಎರಡೂ ನಡೆಯುತ್ತೆ ಮೇಷ್ಟ್ರೇ, ಹುಡುಗನ್ನೇ ಕೇಳಿ ಅವನಿಗೆ ಯಾವುದು ಇಷ್ಟ ಅಂತ ಅಂದರು. ಮಾತು ಮುಗಿಸುವ ಮುಂಚೆ ಪ್ರತಿ ಸಲ, ಈ ಕಡೆ ಬಂದಾಗ ಬನ್ನಿ ಅನ್ನುತ್ತಿದ್ದರು. ಪ್ರತಿ ಸಲ ಬರ್ತೀನಿ ಮೇಡಂ ಅನ್ನುತ್ತಿದ್ದೆ. ಸಂಜೆ ರೈಲಿನಲ್ಲಿ ಸೀಟು ಸಿಕ್ಕಿದ್ದರೆ ಮುಂದಿನ ಸ್ಟೇಷನ್ನಿನಲ್ಲೇ ಇಳಿಯುವ ಮನಸ್ಸು ಯಾರಿಗೆ ಬರುತ್ತದೆ. ಕೊಡೆಯ ವಿಷಯ ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕಾನೂನು ಕಾನೂನೇ. ಮಳೆಗಾಲದಲ್ಲಿ ಹೆಂಡತಿ ಮಾತ್ರ, ಇನ್ನೊಂದು ಕೊಡೆ ತಗೊಳ್ಳಿ, ಅದನ್ನೂ ಯಾರಿಗಾದರೂ ಕೊಟ್ಟು ಬನ್ನಿ ಅನ್ನುತ್ತಿದ್ದಳು. ಸ್ಟಾಫ್ ರೂಮಿನ ಆ ಕುರ್ಚಿಯಲ್ಲಿ ಕೆಲವು ತಿಂಗಳು ಯಾರೂ ಕೂರಲಿಲ್ಲ. ಆಮೇಲೆ ಹೊಸ ಕಂಪ್ಯೂಟರ್ ಮೇಷ್ಟ್ರು ಫೋನು ಚಾರ್ಜಿಗೆ ಹಾಕಿಕೊಂಡು ಕೂತರು. ಅಲ್ಲಿ ಪ್ಲಗ್ಗು ಹತ್ತಿರವಾಗುತ್ತದಂತೆ.

ಮೇಡಂ ಅವರ ಶಿವಗಣಾರಾಧನೆಯ ದಿನ ಅತ್ತಿಗುಪ್ಪೆಯ ಮನೆಗೆ ಮೊದಲ ಸಲ ಹೋದೆ. ಸ್ಟೇಷನ್ನಿನಿಂದ ಅಷ್ಟು ಹತ್ತಿರವಿದೆಯೆಂದು ಗೊತ್ತಿರಲಿಲ್ಲ. ಊಟವಾದ ಮೇಲೆ ಅಣ್ಣನ ಮಗಳು ಒಳಗೆ ಕರೆದಳು. ದಿವಾನದ ಮೇಲೆ ಒಂದು ಬೆಡ್‌ಶೀಟು ಹಾಸಿ ಮೇಡಂ ಅವರ ಸಾಮಾನುಗಳನ್ನು ಹರಡಿದ್ದರು. ಕನ್ನಡಕ, ಹೆಸರು ಕೆತ್ತಿಸಿದ ಡಬ್ಬಿಗಳು, ಶಾಲುಗಳು, ಹಸಿರು ಚೀಲ. ನೆನಪಿಗೆ ಏನಾದರೂ ತಗೊಳ್ಳಿ ಎಂದು ನೆಂಟರಿಗೆ ಹೇಳುತ್ತಿದ್ದಳು. ಅಂಚಿನಲ್ಲಿ ನನ್ನ ಕರಿ ಕೊಡೆ ಮಲಗಿತ್ತು. ನೋಡಿದೆ. ಒಬ್ಬರು ಅದಕ್ಕೆ ಕೈ ಹಾಕಿದಾಗಲೂ ನನ್ನದು ಎನ್ನಲಿಲ್ಲ.

“ಅದೊಂದು ಬಿಡಿ, ಅದು ಕೆಂಗೇರಿ ಮೇಷ್ಟ್ರದ್ದು,” ಅಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿ, “ಅಲ್ವಾ ಸಾರ್? ಅತ್ತೆ ಅದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಮಳೆ ಬಂದ್ರೆ ನಮ್ಮನೆಯವ್ರು ನೆನ್ಕೊಂಡೇ ಹೋಗ್ಬೇಕಿತ್ತು. ‘ಮೇಷ್ಟ್ರು ಅವರಾಗಿ ಕೇಳೋರಲ್ಲ, ಬಂದಾಗ ನೀವೇ ಹೇಳ್ಬೇಕು ಇದು ಅವರದು ಅಂತ’ ಅಂತ ನಮಗೆ ಹೇಳ್ತಿದ್ರು.”

ಯಾರ ಕೈಲಾದರೂ ಶಾಲೆಗೆ ಕಳಿಸಬಹುದಿತ್ತಲ್ಲಮ್ಮಾ ಎಂದೆ, ಏನಾದರೂ ಅನ್ನಬೇಕಲ್ಲ ಎಂದು.

“ನಾನೂ ಅದನ್ನೇ ಹೇಳ್ದೆ ಸಾರ್. ಕಳಿಸಿಬಿಟ್ರೆ ಆಮೇಲೆ ಅವರು ಯಾಕೆ ಬರ್ತಾರೆ ಅಂದ್ರು.”

ಕೆಂಗೇರಿಯ ರೈಲಿನಲ್ಲಿ ಸೀಟು ಸಿಕ್ಕಿತು. ಕೊಡೆಯನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡೆ. ಹೊರಗೆ ಮಳೆಯಿರಲಿಲ್ಲ, ಮೋಡವೂ ಇರಲಿಲ್ಲ. ಮುರಿದ ಕಡ್ಡಿಗೆ ಯಾರೋ ದಾರ ಸುತ್ತಿ ಬಿಗಿ ಮಾಡಿದ್ದರು. ಜ್ಞಾನಭಾರತಿ ದಾಟಿದ ಮೇಲೆ ಹಿಡಿಯನ್ನು ತಿರುಗಿಸಿದೆ. ಒಳಮೈಯಲ್ಲಿ, ಕೈಯ ಬೆವರು ತಾಗದ ಜಾಗದಲ್ಲಿ, ಕಡುಗೆಂಪು ನೇಲ್ ಪಾಲಿಶ್‌ನಲ್ಲಿ ನನ್ನ ಹೆಸರು. ಪಕ್ಕದಲ್ಲಿ ಕೊಕ್ಕೆ. ಆಮೇಲೆ ಎಸ್.